ನೂರು ಕ್ಯಾಂಡಲ್ಲಿನ ಕೆಳಗೆ ಬಿಳಿಗಾಯಿ

ನೂರು ದೊಡ್ಡದೋ ನಲವತ್ತು ದೊಡ್ಡದೋ ಎಂದು ಯಾರಾದರೂ ಕೇಳಿದರೆ ನಾನು ಒಮ್ಮೆಲೇ ಉತ್ತರ ಕೊಡುವುದಿಲ್ಲ. ಏನನ್ನು ಅಳೆಯುತ್ತಿದ್ದೀರಿ ಎಂದು ಮೊದಲು ಕೇಳುತ್ತೇನೆ. ಕೆಲವರಿಗೆ ಇದು ಕೊಂಕು ಎನಿಸುತ್ತದೆ. ಎನಿಸಲಿ. ನಲವತ್ತಕ್ಕಿಂತ ನೂರು ದೊಡ್ಡದು ಎಂಬ ಒಂದೇ ನಂಬಿಕೆಯ ಮೇಲೆ ಬ್ಯಾಡಗಿಯ ಒಂದು ಅಂಗಡಿಯಲ್ಲಿ ನನ್ನ ಅಮ್ಮನನ್ನು ಕುರುಡರ ಸಾಲಿಗೆ ಸೇರಿಸಿದ್ದರು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ, ಇಳಿಯಬೇಕೆಂಬ ಆಸೆಯೂ ಇಲ್ಲ.

ಎಂಬತ್ತರ ದಶಕದ ಕೊನೆಯ ಮಾತು. ಆಗ ನಮ್ಮ ಕಡೆ ಬಲ್ಬನ್ನು ಯಾರೂ ವ್ಯಾಟಿನ ಲೆಕ್ಕದಲ್ಲಿ ಕೇಳುತ್ತಿರಲಿಲ್ಲ, ಕ್ಯಾಂಡಲ್ಲಿನ ಲೆಕ್ಕದಲ್ಲಿ ಕೇಳುತ್ತಿದ್ದರು. "ಅರವತ್ತು ಕ್ಯಾಂಡಲ್ಲಿಂದು ಒಂದು ಕೊಡ್ರಿ" ಎಂದರೆ ಅಂಗಡಿಯವನು ಅರವತ್ತು ವ್ಯಾಟಿನ ಬಲ್ಬು ತೆಗೆದು, ಹೋಲ್ಡರಿಗೆ ಸಿಕ್ಕಿಸಿ, ಹೊತ್ತಿಸಿ ತೋರಿಸಿ ಕೊಡುತ್ತಿದ್ದ. ಬಚ್ಚಲಿಗೆ ಜೀರೋ, ಅಡುಗೆಮನೆಗೆ ನಲವತ್ತು, ಪಡಸಾಲೆಗೆ ಅರವತ್ತು, ಮದುವೆಮನೆಗೆ ನೂರು. ಬಲ್ಬಿನ ನೆತ್ತಿಯ ಮೇಲಿನ ಆ ಅಂಕಿ ಅದು ತಿನ್ನುವ ಕರೆಂಟಿನದು, ಕೊಡುವ ಬೆಳಕಿನದಲ್ಲ ಎಂಬುದು ಯಾರಿಗೂ ಹೊಳೆದಿರಲಿಲ್ಲ. ಹೆಚ್ಚು ಉಣ್ಣುವವನೇ ಹೆಚ್ಚು ದುಡಿಯುತ್ತಾನೆ ಎಂದು ನಂಬಿದ ಹಾಗೆ. ಹೊಟ್ಟೆತುಂಬ ಉಂಡು ಗೋಡೆಗೊರಗಿ ಕೂಡುವವರನ್ನು ಮನೆಮನೆಯಲ್ಲೂ ಕಂಡ ಜನ ಬಲ್ಬಿನ ವಿಷಯದಲ್ಲಿ ಮಾತ್ರ ಹೀಗೆ ಮೋಸಹೋಗಿದ್ದರು.

ನಮ್ಮೂರ ಮೆಣಸಿನಕಾಯಿ ಹೆಸರಾದದ್ದು ಖಾರಕ್ಕಲ್ಲ, ಬಣ್ಣಕ್ಕೆ. ಸುಕ್ಕುಬಿದ್ದ ಕಡುಗೆಂಪು ಕಾಯಿ. ಅದರ ನಡುವೆ ಇಬ್ಬನಿಗೋ ರೋಗಕ್ಕೋ ಸಿಕ್ಕು ಬಣ್ಣ ಕಳೆದುಕೊಂಡ ಕಾಯಿಗಳೂ ಬರುತ್ತವೆ. ಅವು ಬಿಳಿಗಾಯಿ. ಪೂರಾ ಬಿಳಚಿದ್ದನ್ನು ಯಾರು ಬೇಕಾದರೂ ಹೆಕ್ಕಬಹುದು. ಆದರೆ ಒಂದು ಮಗ್ಗುಲಲ್ಲಿ ಮಾತ್ರ, ಉಗುರಿನಷ್ಟಗಲ, ಬಣ್ಣ ಬಿಟ್ಟಿರುತ್ತದಲ್ಲ, ಅದನ್ನು ಹಿಡಿಯಲು ಕಣ್ಣು ಬೇಕು. ಸುಗ್ಗಿ ಬಂತೆಂದರೆ ದಲಾಲಿ ಅಂಗಡಿಗಳ ಹಿಂದಿನ ಗೋದಾಮುಗಳಲ್ಲಿ ಹೆಂಗಸರು ಸಾಲಾಗಿ ಕುಳಿತು ತೊಟ್ಟು ಮುರಿಯುತ್ತಿದ್ದರು, ಬಿಳಿಗಾಯಿ ಆರಿಸಿ ಹೊರಗೆ ಹಾಕುತ್ತಿದ್ದರು. ಮೂಗಿಗೆ ಬಟ್ಟೆ ಕಟ್ಟಿಕೊಂಡರೂ ಘಾಟು ಬಿಡುತ್ತಿರಲಿಲ್ಲ. ಸಂಜೆ ಮನೆಗೆ ಬಂದ ಅಮ್ಮನ ಕೈಯನ್ನು ನಾವ್ಯಾರೂ ಮುಟ್ಟುತ್ತಿರಲಿಲ್ಲ. ಮುಟ್ಟಿದ ಕೈಯಲ್ಲಿ ಕಣ್ಣುಜ್ಜಿಕೊಂಡರೆ ಕಥೆ ಮುಗಿಯಿತು.

ಅಮ್ಮ ಆ ಅಂಗಡಿಯಲ್ಲಿ 'ಕಡೀ ಕೈ'. ಎಂದರೆ, ಉಳಿದವರು ಆರಿಸಿದ್ದೆಲ್ಲ ಚೀಲ ಸೇರುವ ಮುಂಚೆ ಒಮ್ಮೆ ಅವಳ ಕೈ ದಾಟಬೇಕು. ಅವಳು ನೋಡಿ ಬಿಟ್ಟದ್ದನ್ನು ಮತ್ತೆ ಯಾರೂ ನೋಡುವುದಿಲ್ಲ. ಮೂವತ್ತು ಹೆಂಗಸರಲ್ಲಿ ಒಬ್ಬಳಿಗೆ ಸಿಗುವ ಜಾಗ ಅದು. ಎಲ್ಲರೂ ಅವಳನ್ನು ಆಪಾ, ಎಂದರೆ ಅಕ್ಕ, ಎನ್ನುತ್ತಿದ್ದರು. ವಯಸ್ಸಿನಲ್ಲಿ ಹಿರಿಯರಾದ ಅಂಗಡಿಯ ಸಾವುಕಾರರೂ ಆಪಾ ಎಂದೇ ಕರೆಯುತ್ತಿದ್ದರು. ಒಂದಕ್ಷರ ಓದಲು ಬಾರದ ಅಮ್ಮನಿಗೆ ಅದೇ ಡಿಗ್ರಿ, ಅದೇ ನೌಕರಿ, ಅದೇ ಮಾನ. ನನ್ನ ಅಪ್ಪ, ಅಬ್ಬಾ, ಲಾರಿಯ ಮೇಲೆ ಇರುತ್ತಿದ್ದರು, ತಿಂಗಳಲ್ಲಿ ಇಪ್ಪತ್ತು ದಿನ ಊರಿನ ಹೊರಗೆ. ಮನೆಯೊಳಗೆ ನಮ್ಮದು ಉರ್ದು, ಹೊಸ್ತಿಲು ದಾಟಿದರೆ ಕನ್ನಡ. ನಾನು ದಿನಾ ಬಸ್ಸು ಹಿಡಿದು ಹಾವೇರಿಯ ಕಾಲೇಜಿಗೆ ಹೋಗಿ ಬಿ.ಎಸ್‌ಸಿ. ಓದುತ್ತಿದ್ದೆ. ಹುಡುಗಿಯೊಬ್ಬಳು ಫಿಸಿಕ್ಸ್ ಓದುವುದಕ್ಕೆ ನಮ್ಮ ಓಣಿಯಲ್ಲಿ ಯಾರ ಒಪ್ಪಿಗೆಯೂ ಇರಲಿಲ್ಲ, ಅಮ್ಮನದೊಂದು ಬಿಟ್ಟು. ಅಷ್ಟು ಸಾಕಾಗಿತ್ತು.

ಗೋದಾಮಿಗೆ ಕಿಟಕಿ ಇದ್ದರೂ ತೆರೆಯುತ್ತಿರಲಿಲ್ಲ. ಗಾಳಿಯಾಡಿದರೆ ಕಾಯಿ ಒಣಗಿ ತೂಕ ಇಳಿಯುತ್ತದೆ, ಬಿಸಿಲು ಬಿದ್ದರೆ ಬಣ್ಣ ಹೋಗುತ್ತದೆ ಎಂದು ಸಾವುಕಾರರ ಕಟ್ಟಪ್ಪಣೆ. ಹಾಗಾಗಿ ನಡುಮಧ್ಯಾಹ್ನದಲ್ಲೂ ಒಳಗೆ ದೀಪ ಬೇಕು. ನಾಲ್ಕು ಟ್ಯೂಬ್‌ಲೈಟು ಇದ್ದವು, ನಲವತ್ತು ವ್ಯಾಟಿನವು. ಸುತ್ತಲಿನ ಹೊಲಗಳಲ್ಲಿ ಪಂಪ್‌ಸೆಟ್ಟುಗಳು ಚಾಲೂ ಆದರೆ ಊರಿನ ವೋಲ್ಟೇಜು ಇಳಿಯುತ್ತಿತ್ತು. ಆಗ ಟ್ಯೂಬು ಹೊತ್ತಲು ಸತಾಯಿಸುತ್ತಿತ್ತು, ಮಿಣಮಿಣ ಎನ್ನುತ್ತಿತ್ತು, ಯಾರಾದರೂ ಸ್ಟೂಲು ಹತ್ತಿ ಸ್ಟಾರ್ಟರು ತಿರುಗಿಸಬೇಕಿತ್ತು. ಆದರೆ ಒಮ್ಮೆ ಹೊತ್ತಿದರೆ ಹಾಲು ಚೆಲ್ಲಿದ ಹಾಗೆ ಬೆಳಕು.

ಒಂದು ದಿನ ದೂರದೂರಿನ ಖರೀದಿದಾರನೊಬ್ಬ ಅಂಗಡಿಯ ಮುಂದಿನ ಕಟ್ಟೆಯಲ್ಲಿ ಕುಳಿತು ಸ್ಯಾಂಪಲ್ ನೋಡಿದನಂತೆ. ಅಲ್ಲಿ ನೇತಾಡುತ್ತಿದ್ದದ್ದು ಹಳದಿ ಬೆಳಕಿನ ಗುಂಡು ಬಲ್ಬು. ಅದರ ಕೆಳಗೆ ಕಾಯಿ ಎಷ್ಟು ಕೆಂಪಾಗಿ ಕಂಡಿತೆಂದರೆ, ಆತ ಎರಡನೇ ಮಾತಿಲ್ಲದೆ ಒಪ್ಪಿಕೊಂಡು ಹೋದ. ಸಾವುಕಾರರಿಗೆ ಜ್ಞಾನೋದಯವಾಯಿತು. ವಾರದೊಳಗೆ ಗೋದಾಮಿನ ನಾಲ್ಕೂ ಟ್ಯೂಬು ಇಳಿದವು, ನೂರು ವ್ಯಾಟಿನ ನಾಲ್ಕು ಬಲ್ಬು ಏರಿದವು. ಕೆಂಪು ಕಾಯಿ ಎಲ್ಲೆಲ್ಲೂ ಕೆಂಪಾಗಿಯೇ ಕಾಣಬೇಕು, ಸ್ಟಾರ್ಟರಿನ ಕಾಟವೂ ಇರಬಾರದು.

"ನಲವತ್ತು ತಗದು ನೂರು ಹಾಕೇನಿ ನೋಡ್ರಬೇ," ಎಂದು ಹೆಂಗಸರ ಮುಂದೆ ನಿಂತು ಹೇಳಿದರಂತೆ. "ಇನ್ನ ಮ್ಯಾಲೆ ಯಾರೂ ಕಾಣಲಿಲ್ಲ ಅನ್ನಂಗಿಲ್ಲ."

ಎಲ್ಲರೂ ಹೌದ್ರಿ ಎಂದರು. ಕಾಯಿಯ ರಾಶಿ ಕುಂಕುಮ ಸುರಿದಂತೆ ಕಂಡರೆ ಯಾರು ಬೇಡ ಅಂದಾರು? ಅಮ್ಮ ಒಬ್ಬಳೇ, "ಬಣ್ಣ ಭಾಳ ಚಲೋ ಕಾಣ್ತೈತ್ರಿ, ಕಾಯಿ ಕಾಣವಲ್ದು" ಎಂದಳಂತೆ. ಜನ ನಕ್ಕರು. ಮನೆಗೆ ಬಂದು ಅವಳು ಇದನ್ನು ಹೇಳಿದಾಗ, ನಿಜ ಹೇಳಬೇಕೆಂದರೆ, ನಾನೂ ನಕ್ಕೆ.

ತಿಂಗಳು ಕಳೆಯುವುದರೊಳಗೆ ಚೀಲಗಳು ತಿರುಗಿ ಬಂದವು. ಬಿಳಿಗಾಯಿ ಬೆರೆತಿದೆ ಎಂದು ಖರೀದಿದಾರ ಕಾಗದ ಬರೆದಿದ್ದ. ಕಡೆಯ ಕೈ ಯಾರದು? ಆಪಾಂದು. ಸಾವುಕಾರರು ಗೋದಾಮಿನ ನಡುವೆ ನಿಂತು, ಮೂವತ್ತು ಹೆಂಗಸರೂ ಕೇಳುವ ಹಾಗೆ ಅಂದರು:

"ಆಪಾ, ನಿನ್ನ ಕಣ್ಣು ಹೋಗ್ಯಾವು. ನೂರು ಕ್ಯಾಂಡಲ್ಲಿನ ಬೆಳಕಿನ್ಯಾಗ ಕಾಣವಲ್ದು ಅಂದ್ರ ಇನ್ನೇನು ಸೂರ್ಯಾನ್ನ ತಂದು ಕಟ್ಟಲೇನು? ಚಸ್ಮಾ ಹಾಕ್ಕೊಂಡು ಬಾ. ಇಲ್ಲಾಂದ್ರ ಬರಬ್ಯಾಡ."

ಅಮ್ಮ ಅವತ್ತು ಸಂಜೆಯಾಗುವ ಮುಂಚೆಯೇ ಮನೆಗೆ ಬಂದಳು. ಕೈ ತೊಳೆದಳು, ಮತ್ತೆ ತೊಳೆದಳು. ಆಮೇಲೆ ಒಲೆಯ ಮುಂದೆ ಕುಳಿತು, ಯಾರಿಗೂ ಅಲ್ಲದ ಹಾಗೆ, "ಮೇರೆಕು ಸಬ್ ದಿಸ್ತಾ" ಎಂದಳು. ನನಗೆ ಎಲ್ಲಾ ಕಾಣುತ್ತದೆ, ಅಷ್ಟೇ. ಅದನ್ನೇ ಮೂರು ನಾಲ್ಕು ಸಲ ಅಂದಳು.

ಆಗ ನಾನು ಮಾಡಿದ್ದನ್ನು ಬರೆಯದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ಹೊಲಿಗೆ ಡಬ್ಬಿಯಿಂದ ಸೂಜಿ ದಾರ ತಂದು ಅವಳ ಕೈಗೆ ಕೊಟ್ಟೆ. ಪೋಣಿಸು ನೋಡೋಣ ಅಂದೆ. ಅವಳು ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ, ಸೂಜಿಯನ್ನು ದೂರ ಹಿಡಿದು, ಹತ್ತಿರ ಹಿಡಿದು, ಮತ್ತೆ ದೂರ ಹಿಡಿದು ಪ್ರಯತ್ನಿಸಿದಳು. ಆಗಲಿಲ್ಲ. "ನೋಡಿದೆಯಾ? ಸಾವುಕಾರರು ಹೇಳಿದ್ದು ಸುಳ್ಳಲ್ಲ. ನಿನಗೆ ವಯಸ್ಸಾಯಿತು, ಒಪ್ಪಿಕೋ" ಎಂದೆ. ಫಿಸಿಕ್ಸ್ ಓದುವ ಮಗಳ ಪ್ರಯೋಗ ಅದು. ಅಮ್ಮ ಸೂಜಿಯನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದಳು. ಆ ರಾತ್ರಿ ನನ್ನೊಡನೆ ಮಾತಾಡಲಿಲ್ಲ, ಮರುದಿನವೂ ಬೇಕಾದಷ್ಟೇ ಮಾತು.

ರಾಣೆಬೆನ್ನೂರಿನಲ್ಲಿ ಕಣ್ಣಿನ ಡಾಕ್ಟರು ಒಬ್ಬರಿದ್ದರು. ಅವಳನ್ನು ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಅವಳು ಕಿಟಕಿಯ ಕಡೆಗೇ ಮುಖ ಮಾಡಿ ಕುಳಿತಳು, ದೂರದ ಹೊಲದಲ್ಲಿ ಯಾವ ಬೆಳೆ, ಯಾರ ಗಾಡಿ, ಯಾವ ಎತ್ತು ಎಂದು ಒಂದೊಂದನ್ನೇ ಹೇಳುತ್ತ ಬಂದಳು. ನನಗೆ ಹೇಳುತ್ತಿರಲಿಲ್ಲ, ಪಕ್ಕದಲ್ಲಿ ಕುಳಿತ ಗುರುತಿಲ್ಲದ ಮುದುಕಿಗೆ ಹೇಳುತ್ತಿದ್ದಳು. ಕಣ್ಣು ಹೋದವಳು ಯಾರು ಎಂದು ಜಗತ್ತಿಗೆ ತೋರಿಸುವ ಹಟ.

ಡಾಕ್ಟರು ಗಾಜು ಹಾಕಿ, ತೆಗೆದು, ದೀಪ ಬಿಟ್ಟು ನೋಡಿದರು. ಬಣ್ಣದ ಚುಕ್ಕೆಗಳ ಪುಸ್ತಕ ತೆಗೆದು ಪುಟ ತಿರುವಿದರು. ಅಮ್ಮ ಒಂದೂ ತಪ್ಪದೆ ಬೆರಳಾಡಿಸಿ ಗೆರೆ ತೋರಿಸಿದಳು.

"ಕಣ್ಣು ಚಲೋ ಅದಾವ್ರಿ," ಎಂದರು ಡಾಕ್ಟರು. "ಸೂಜಿ ಪೋಣಸಾಕ ಚಸ್ಮಾ ಬೇಕಾಗತೈತಿ, ನಲವತ್ತು ದಾಟಿದ ಮ್ಯಾಲೆ ಎಲ್ಲಾರಿಗೂ ಬೇಕು, ನನಗೂ ಬೇಕು. ಮೆಣಸಿನಕಾಯಿ ಆರಸಾಕ ಏನೂ ತೊಂದ್ರಿ ಇಲ್ಲ. ಕೆಲಸ ಮಾಡೂ ಜಾಗಾದಾಗ ಬೆಳಕು ಹೆಂಗ ಐತಿ?"

"ನೂರು ಕ್ಯಾಂಡಲ್ ಬಲ್ಬು ಅದಾವ್ರಿ. ಮದ್ಲ ನಲವತ್ತರ ಟ್ಯೂಬ್ ಇದ್ವು," ಎಂದೆ ನಾನು.

"ಹಂಗಾರ ಬೆಳಕಿಂದೇನೂ ತಕರಾರ ಇಲ್ಲ ಬಿಡ್ರಿ. ನೂರು ಅಂದ್ರ ಭಾಳ ಆತು."

ಡಾಕ್ಟರೂ ಹಾಗೇ ಅಂದರು! ಕಣ್ಣಿನ ವಿಷಯ ಅಷ್ಟು ಓದಿದವರು! ಅವರ ಬಾಯಿಂದ ಆ ಮಾತು ಬಂದಾಗಲೇ ನನಗೆ ಎಲ್ಲೋ ಚುಚ್ಚಿದ್ದು. ಕಣ್ಣು ಸರಿ, ಬೆಳಕೂ ಸರಿ ಎಂದಾದರೆ ಬಿಳಿಗಾಯಿ ಚೀಲಕ್ಕೆ ಹೋದದ್ದು ಹೇಗೆ? ಎರಡರಲ್ಲಿ ಒಂದು ಸುಳ್ಳಾಗಿರಲೇಬೇಕು. ಅಮ್ಮನ ಕಣ್ಣನ್ನು ಎಲ್ಲರೂ ಪರೀಕ್ಷೆ ಮಾಡಿದ್ದರು: ಸಾವುಕಾರರು, ನಾನು, ಡಾಕ್ಟರು. ಬಲ್ಬನ್ನು ಯಾರೂ ಪರೀಕ್ಷೆ ಮಾಡಿರಲಿಲ್ಲ. ಅದರ ಮೇಲೆ ಅಂಕಿ ಬರೆದಿತ್ತಲ್ಲ, ಅದನ್ನು ಎಲ್ಲರೂ ನಂಬಿದ್ದರು. ಅಮ್ಮನ ಮೇಲೆ ಯಾವ ಅಂಕಿಯೂ ಇರಲಿಲ್ಲ.

ಕಾಲೇಜಿನ ಲ್ಯಾಬಿನಲ್ಲಿ ಎರಡು ದೀಪಗಳ ಬೆಳಕು ಹೋಲಿಸುವ ಪ್ರಯೋಗವೊಂದಿತ್ತು. ಬಿಳಿ ಕಾಗದದ ನಡುವೆ ಒಂದು ಹನಿ ಎಣ್ಣೆ. ಎರಡು ಕಡೆ ಎರಡು ದೀಪ, ನಡುವೆ ಈ ಕಾಗದ. ಹಿಂದಿನ ಬೆಳಕು ಹೆಚ್ಚಾದರೆ ಎಣ್ಣೆಯ ಕಲೆ ಬೆಳ್ಳಗೆ ಕಾಣುತ್ತದೆ, ಮುಂದಿನದು ಹೆಚ್ಚಾದರೆ ಕಪ್ಪಗೆ. ಕಾಗದವನ್ನು ಆಚೆ ಈಚೆ ಸರಿಸುತ್ತ ಹೋದರೆ ಒಂದು ಕಡೆ ಕಲೆ ಮಾಯವಾಗುತ್ತದೆ. ಅಲ್ಲಿ ಎರಡೂ ಬೆಳಕು ಸಮ. ಯಾವ ದೀಪ ಎಷ್ಟು ದೂರದಲ್ಲಿದೆ ಎಂದು ಅಳೆದರೆ ಯಾವುದು ಎಷ್ಟು ಪಟ್ಟು ಎಂದು ತಿಳಿಯುತ್ತದೆ. ಪರೀಕ್ಷೆಗೆ ಬರುತ್ತದೆಂದು ಬಾಯಿಪಾಠ ಮಾಡಿದ್ದೆ. ಇದಕ್ಕೂ ನಮ್ಮ ಮನೆಗೂ ಸಂಬಂಧವಿದೆ ಎಂದು ಅಲ್ಲಿಯವರೆಗೆ ಅನ್ನಿಸಿರಲಿಲ್ಲ. ಓದಿದವರ ಹಣೆಬರಹವೇ ಇಷ್ಟು.

ಲ್ಯಾಬಿನ ಮೇಷ್ಟ್ರಿಗೆ ಹೋಗಿ ಕೇಳಿದೆ: ನಲವತ್ತರ ಟ್ಯೂಬು ಒಂದು ಕಡೆ, ನೂರರ ಬಲ್ಬು ಒಂದು ಕಡೆ ಇಟ್ಟು ನೋಡಬೇಕು. ಅವರು ಮೇಜಿನ ಉದ್ದವನ್ನು ಕಣ್ಣಲ್ಲೇ ಅಳೆದರು.

"ಟ್ಯೂಬ್ ಉದ್ದ ಐತಿ, ಬಲ್ಬ್ ಗುಂಡಗ ಐತಿ. ಪುಸ್ತಕದಾಗ ಇದ್ದಂಗ ಲೆಕ್ಕಾ ಹತ್ತೂದಿಲ್ಲ ತಂಗೀ. ಅಂದಾಜು ಸಿಗತೈತಿ."

"ಅಂದಾಜು ಸಾಕ್ರಿ ಸರ್."

"ಯಾರಿಗೆ ತೋರಿಸಬೇಕಾಗೇತಿ?"

"ದಲಾಲಿ ಅಂಗಡಿ ಸಾವುಕಾರಗ."

"ಹಂಗಾರ ಅಂದಾಜು ಭಾಳ ಆತು," ಎಂದು ನಕ್ಕು, ಬಾಗಿಲು ಕಿಟಕಿ ಮುಚ್ಚಿಸಿ, ಮೇಜುಗಳನ್ನು ಉದ್ದಕ್ಕೆ ಜೋಡಿಸಿಕೊಟ್ಟರು.

ಮನೆಯಿಂದ ಒಯ್ದ ಶೇಂಗಾ ಎಣ್ಣೆಯ ಹನಿ ಹಾಕಿದ ಕಾಗದವನ್ನು ಸರಿಸುತ್ತ ಹೋದೆ. ನಟ್ಟನಡುವೆ ಕಲೆ ಮಾಯವಾಗಲಿಲ್ಲ. ಬಲ್ಬಿನ ಕಡೆಗೆ ಸರಿಸಿದೆ, ಆಗಲಿಲ್ಲ. ಇನ್ನೂ ಸರಿಸಿದೆ. ನಡುವನ್ನು ಬಿಟ್ಟು ಬಲ್ಬಿನ ಕಡೆಗೆ ಸಾಕಷ್ಟು ಸರಿದ ಮೇಲೆ ಕಲೆ ಮಸುಕಾಯಿತು. ಅಳೆದು ಲೆಕ್ಕ ಹಾಕಿದರೆ ನಲವತ್ತರ ಟ್ಯೂಬು ನೂರರ ಬಲ್ಬಿಗಿಂತ ಹತ್ತಿರಹತ್ತಿರ ಎರಡು ಪಟ್ಟು ಬೆಳಕು ಕೊಡುತ್ತಿತ್ತು. ನಾನು ಮೂರು ಸಲ ಅಳೆದೆ. ಮೂರು ಸಲವೂ ನಲವತ್ತೇ ಗೆದ್ದಿತು. ಹಾಗಾದರೆ ಬಲ್ಬು ತಿಂದ ಕರೆಂಟೆಲ್ಲ ಎಲ್ಲಿಗೆ ಹೋಯಿತು ಎಂದು ಕೇಳಿದೆ. ಮೇಷ್ಟ್ರು ನನ್ನ ಅಂಗೈಯನ್ನು ಬಲ್ಬಿನ ಹತ್ತಿರ ಹಿಡಿಯಲು ಹೇಳಿದರು. ಹಿಡಿಯಲಾಗಲಿಲ್ಲ.

"ಬಲ್ಬ್ ಅಂದ್ರ ಒಂದು ಒಲಿ, ತಂಗೀ. ಬೆಳಕು ಅದರ ಜೋಡಿ ಪುಕ್ಕಟೆ ಬರತೈತಿ," ಎಂದರು. ವೋಲ್ಟೇಜು ಒಂದಿಷ್ಟು ಇಳಿದರೂ ಅದರ ಬೆಳಕು ಅರ್ಧಕ್ಕೆ ಬಂದು ನಿಲ್ಲುತ್ತದೆ ಎಂದೂ ಹೇಳಿದರು. ನಮ್ಮ ಗೋದಾಮಿನ ವೋಲ್ಟೇಜು ಪೂರ್ತಿ ಇದ್ದ ದಿನವೇ ನನಗೆ ನೆನಪಿರಲಿಲ್ಲ.

ಇನ್ನೂ ಒಂದು ಮಾತಿತ್ತು. ಕಲೆ ಮಸುಕಾಯಿತೇ ಹೊರತು ಪೂರಾ ಮಾಯವಾಗಲಿಲ್ಲ. ಕಾಗದದ ಒಂದು ಮುಖ ಹಳದಿ, ಇನ್ನೊಂದು ಮುಖ ಬೆಳ್ಳಗೆ. ಬೆಳಕು ಸಮವಾದರೂ ಬಣ್ಣ ಸಮವಾಗಿರಲಿಲ್ಲ. ನನ್ನ ಕಂಪಾಸ್ ಪೆಟ್ಟಿಗೆಯಲ್ಲಿ ಅಮ್ಮನ ಸೆರಗಿಗೆ ಅಂಟಿ ಬಂದಿದ್ದ ಒಂದು ಅರೆಬಿಳಿಚು ಕಾಯಿ ಇತ್ತು. ಅದನ್ನು ಟ್ಯೂಬಿನ ಕಡೆ ಹಿಡಿದೆ, ಬಿಳಿಚು ಮಚ್ಚೆ ಎದ್ದು ಕಂಡಿತು. ಬಲ್ಬಿನ ಕಡೆ ಹಿಡಿದೆ, ಆ ಮಚ್ಚೆಯೂ ಕೆಂಪಿಗೆ ತಿರುಗಿ ಕಾಯಿಯೊಳಗೆ ಅಡಗಿಕೊಂಡಿತು. ಬಣ್ಣ ಚೆನ್ನಾಗಿ ಕಾಣುತ್ತದೆ, ಕಾಯಿ ಕಾಣುವುದಿಲ್ಲ. ಅಮ್ಮ ಎಂದೋ ಹೇಳಿದ್ದಳು. ಅವಳಿಗೆ ಎಣ್ಣೆಯ ಕಾಗದ ಬೇಕಾಗಿರಲಿಲ್ಲ.

ಮುಂದೆ ತೊಂಬತ್ತರ ದಶಕದಲ್ಲಿ ನಾನು ರಾಣೆಬೆನ್ನೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಲು ಸೇರಿದೆ. ಪ್ರತಿ ವರ್ಷ ಒಂದು ದಿನ ಮಕ್ಕಳಿಗೆ ಮನೆಯ ಬಲ್ಬು ತರಲು ಹೇಳುತ್ತಿದ್ದೆ. ಐರಣಿಯಿಂದ, ದೇವರಗುಡ್ಡದಿಂದ ಬರುವ ಮಕ್ಕಳು ಬಲ್ಬನ್ನು ಟವೆಲಿನಲ್ಲಿ ಸುತ್ತಿ ಮೊಟ್ಟೆಯ ಹಾಗೆ ಜೋಪಾನವಾಗಿ ತರುತ್ತಿದ್ದರು. ಎಣ್ಣೆ ಕಾಗದ ಹಿಡಿದು ಯಾವುದು ಎಷ್ಟು ತಿಂದು ಎಷ್ಟು ಬೆಳಗುತ್ತದೆ ಎಂದು ಅವರೇ ಅಳೆಯಬೇಕು. ಇದು ಸಿಲೆಬಸ್ಸಿನಲ್ಲಿ ಇಲ್ಲ ಎಂದು ಮೇಲಿನವರೊಬ್ಬರು ಆಕ್ಷೇಪಿಸಿದರು. ಇಲ್ಲ ಎಂದು ನನಗೂ ಗೊತ್ತು ಎಂದೆ. ಆ ಸ್ಕೂಲಿನಲ್ಲಿ ಇರುವವರೆಗೂ ನಿಲ್ಲಿಸಲಿಲ್ಲ.

ಅದೆಲ್ಲ ಆಮೇಲಿನ ಮಾತು. ಲ್ಯಾಬಿನಲ್ಲಿ ಅಳೆದು ಹಾವೇರಿಯಿಂದ ಬಂದ ಮರುದಿನ ನಾನು ಕಾಲೇಜು ತಪ್ಪಿಸಿ, ಕಾಗದ ಹಿಡಿದು, ಅಮ್ಮನನ್ನು ಎಬ್ಬಿಸಿಕೊಂಡು ಅಂಗಡಿಗೆ ಹೊರಟೆ. ಅವಳಿಗೆ ಮನಸ್ಸಿರಲಿಲ್ಲ. ನಿನ್ನ ಕಾಗದ ಯಾರು ನೋಡುತ್ತಾರೆ ಎಂದಳು. ನಾನು ಕೇಳಲಿಲ್ಲ. ಇಳಿಮಧ್ಯಾಹ್ನ, ಕಾಯಿ ಮಾರಾಟದ ಟೆಂಡರು ಮುಗಿದು ಪೇಟೆ ತಣ್ಣಗಾಗಿತ್ತು. ಸಾವುಕಾರರು ಗೋದಾಮಿನ ಬಾಗಿಲಲ್ಲೇ ಸಿಕ್ಕರು. ನಿಂತಲ್ಲೇ ಎಲ್ಲವನ್ನೂ ಹೇಳಿದೆ: ನೂರು, ನಲವತ್ತು, ಎಣ್ಣೆಯ ಕಲೆ, ಒಲೆ. ಹೆಂಗಸರ ಕೈಗಳು ನಿಂತವು. ಸಾವುಕಾರರು ಕಾಗದವನ್ನು ತುದಿಯಲ್ಲಿ ಹಿಡಿದು ಎತ್ತಿ ನೋಡಿದರು.

"ಮಿರ್ಚಿ ಭಜಿ ಕಟ್ಟಿದ ಕಾಗದ ತಂದು ನನಗ ಶಾಣ್ಯಾತನ ಕಲಸಾಕ ಬಂದಾಳ," ಎಂದರು. ಎಲ್ಲರೂ ನಕ್ಕರು. "ಮೂವತ್ತು ವರ್ಷ ಆತು ತಂಗೀ ಈ ದಂಧೆದಾಗ. ನಲವತ್ತು ನೂರಕ್ಕಿಂತ ಹೆಚ್ಚಂತ! ನಿನ್ನ ಸಾಲ್ಯಾಗ ಹಂಗ ಕಲಸ್ತಾರೇನು?"

ನನಗೆ ಕಣ್ಣಲ್ಲಿ ನೀರು ಬಂದಿತು. ಘಾಟಿಗೆ ಬಂತೆಂದು ಅವರು ತಿಳಿದರೆ ತಿಳಿಯಲಿ ಎಂದುಕೊಂಡೆ. ಅಷ್ಟರಲ್ಲಿ ಅಮ್ಮ ನನ್ನನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದಳು.

"ನಿಮ್ಮ ಕಣ್ಣಿಗೆ ಕಾಣ್ತೈತೇನ್ರಿ ಇಲ್ಲಿ?"

"ಯಾಕ ಕಾಣಂಗಿಲ್ಲ? ಹಗಲಿದ್ದಂಗ ಐತಿ."

"ಹಂಗಾರ ನೀವ ಆರಿಸ್ರಿ. ಒಂದು ಬುಟ್ಟಿ."

ಸಾವುಕಾರ ಎಲ್ಲಾದರೂ ಹೆಂಗಸರ ಸಾಲಿನಲ್ಲಿ ಕೂಡುತ್ತಾನೆಯೇ? ಆದರೆ ನಮ್ಮ ಸಾವುಕಾರರಿಗೆ ದುಡ್ಡಿಗಿಂತ ತಮ್ಮ ಕಣ್ಣಿನ ಮೇಲೆ ಹೆಚ್ಚು ಅಭಿಮಾನ. ಕಾಯಿಯನ್ನು ದೂರದಿಂದ ನೋಡಿ ಯಾವ ಊರಿನ ಹೊಲದ್ದು ಎಂದು ಹೇಳುತ್ತೇನೆ ಎಂದು ಬಡಾಯಿ ಕೊಚ್ಚಿಕೊಂಡು ತಿರುಗಿದವರು. ಮೂವತ್ತು ಜನರ ಮುಂದೆ ಬೇಡ ಎನ್ನುವ ಹಾಗಿರಲಿಲ್ಲ. ಧೋತರ ಎತ್ತಿ ಕಟ್ಟಿ, ಅಮ್ಮ ಕೂಡುತ್ತಿದ್ದ ಚೀಲದ ಮೇಲೆಯೇ ಕುಳಿತರು. ತಲೆಯ ಮೇಲೆ ನೂರು ಕ್ಯಾಂಡಲ್ ಉರಿಯುತ್ತಿತ್ತು. ಬೆರಳು ಚುರುಕಾಗಿಯೇ ಓಡಿದವು, ಕೆಲಸ ಬಾರದವರೇನಲ್ಲ. ಹತ್ತು ಹದಿನೈದು ನಿಮಿಷದಲ್ಲಿ ಬುಟ್ಟಿ ಮುಗಿಸಿ ತಲೆಯ ಬೆವರು ಒರೆಸಿಕೊಂಡರು. ಬಲ್ಬಿನ ಕಾವು ಅಷ್ಟಿತ್ತು.

"ಹಿಡಿ. ಒಂದು ಬಿಳಿಗಾಯಿ ತೋರಸು ಇದರಾಗ," ಎಂದರು.

ಅಮ್ಮ ಬುಟ್ಟಿ ಎತ್ತಿಕೊಂಡಳು. ಹೊರಗಿನ ಅಂಗಳಕ್ಕೆ ನಡೆದಳು. ಹಿಂದೆ ಸಾವುಕಾರರು, ಅವರ ಹಿಂದೆ ನಾನು, ನನ್ನ ಹಿಂದೆ ಇಡೀ ಸಾಲು. ಅಂಗಳದಲ್ಲಿ ತಾಡಪತ್ರಿ ಹಾಸಿತ್ತು. ಅಮ್ಮ ಬುಟ್ಟಿಯನ್ನು ಅದರ ಮೇಲೆ ಬಿಸಿಲಲ್ಲಿ ಸುರಿದು, ಕೈಯಾಡಿಸಿ ಹರವಿದಳು. ಆರಿಸುವ ಮುಂಚೆಯೇ ಎಲ್ಲರಿಗೂ ಕಂಡಿತು. ಇಲ್ಲೊಂದು ಮಚ್ಚೆ, ಅಲ್ಲೊಂದು ಮಚ್ಚೆ. ಒಂದಂತೂ ಅರ್ಧಕ್ಕರ್ಧ ಬಿಳುಪು. ಅಮ್ಮ ಕುಕ್ಕರಗಾಲಲ್ಲಿ ಕುಳಿತು ಒಂದೊಂದನ್ನೇ ಹೆಕ್ಕಿ ಸಾವುಕಾರರ ಕಾಲ ಬುಡದಲ್ಲಿ ಇಡುತ್ತ ಹೋದಳು. ಅವಸರ ಮಾಡಲಿಲ್ಲ. ಅವಳು ಮುಗಿಸಿದಾಗ ಎರಡು ಬೊಗಸೆಯಷ್ಟು ಬಿಳಿಗಾಯಿ ಅಲ್ಲಿ ಬಿದ್ದಿತ್ತು.

ಸಾವುಕಾರರು ಒಂದು ಕಾಯಿ ಎತ್ತಿಕೊಂಡರು. ಒಳಗೆ ಹೋಗಿ ಬಲ್ಬಿನ ಕೆಳಗೆ ಹಿಡಿದು ನೋಡಿದರು, ಮತ್ತೆ ಹೊರಗೆ ಬಂದು ನೋಡಿದರು. ಎರಡು ಸಲ ಹೀಗೆ ಓಡಾಡಿದರು. ನನ್ನ ಕಾಗದವನ್ನು ನಂಬದ ಮನುಷ್ಯ ಕೊನೆಗೆ ಅದೇ ಪ್ರಯೋಗ ಮಾಡಿದ್ದು ನೋಡಿ ನನಗೆ ಹಾಯೆನಿಸಿತು, ಸುಳ್ಳು ಹೇಳುವುದಿಲ್ಲ.

"ಆತು ಆಪಾ. ನಾಳಿಗೇ ಟ್ಯೂಬ್ ಏರಿಸ್ತೇನಿ. ಕೆಲಸಕ್ಕ ಬಾ," ಎಂದರು, ಮುಖವನ್ನು ಬೇರೆ ಕಡೆ ತಿರುಗಿಸಿಕೊಂಡು. ಆ ಮಾತನ್ನು ಅವರು ಉಳಿಸಿಕೊಂಡರು. ಗೋದಾಮಿಗೆ ಟ್ಯೂಬು ಬಂದವು. ಖರೀದಿದಾರರು ಕೂಡುವ ಮುಂದಿನ ಕಟ್ಟೆಯಲ್ಲಿ ಮಾತ್ರ ಹಳದಿ ಬಲ್ಬು ಹಾಗೇ ಉಳಿಯಿತು. ಹುಟ್ಟುಗುಣ ಸುಟ್ಟರೂ ಹೋಗದು.

ಅಮ್ಮ ಎದ್ದು ನಿಂತಳು, ಆದರೆ ಕದಲಲಿಲ್ಲ.

"ಟ್ಯೂಬಿಂದು ಆಮ್ಯಾಲೆ ಆತ್ರಿ. ಮಂದಿ ಮುಂದ ನನ್ನ ಕಣ್ಣು ಹೋಗ್ಯಾವು ಅಂದ್ರಿ. ಈಗ ಮಂದಿ ಮುಂದನ ಹೇಳ್ರಿ, ಹೋಗ್ಯಾವೋ ಅದಾವೋ."

"ಟ್ಯೂಬ್ ಹಾಕಸ್ತೇನಿ ಅಂದೆ ಅಲ್ಲ."

"ಕಣ್ಣಿಂದು ಹೇಳ್ರಿ."

ಸಾವುಕಾರರು ಕೈಯಲ್ಲಿದ್ದ ಕಾಯಿಯನ್ನು ಕೆಳಗೆ ಹಾಕಿ, ಧೋತರ ಸರಿಮಾಡಿಕೊಂಡು, ಅಂತೂ ಬಾಯಿ ಬಿಟ್ಟರು. "ಅದಾವ ಯವ್ವಾ, ಅದಾವು. ನನ್ನ ಕಣ್ಣಿಗಿಂತಾ ಚಲೋ ಅದಾವು. ಸಾಕೇನು?"

ಹೆಂಗಸರು ಗೊಳ್ಳೆಂದು ನಕ್ಕರು, ಈ ಸಲ ನಮ್ಮ ಕಡೆಯ ನಗು. ನಾನೂ ನಗುತ್ತ ಕಾಗದವನ್ನು ಸುರುಳಿ ಸುತ್ತತೊಡಗಿದೆ. ಗೆದ್ದೆವಲ್ಲ, ಇನ್ನೇನು ಮನೆಗೆ ಹೋಗೋಣ ಎಂದುಕೊಂಡೆ. ಅಮ್ಮ ನನ್ನ ಕಡೆ ತಿರುಗಿದಳು. ನನ್ನೊಡನೆ ಸದಾ ಉರ್ದುವಿನಲ್ಲಿ ಮಾತಾಡುವವಳು, ಎಲ್ಲರಿಗೂ ತಿಳಿಯಲೆಂದು ಕನ್ನಡದಲ್ಲೇ ಕೇಳಿದಳು:

"ಈಗ ನೀ ಹೇಳು."

ಬೆಳಕಿನ ಲೆಕ್ಕ ಎಲ್ಲರಿಗೂ ಬಿಡಿಸಿ ಹೇಳು ಎನ್ನುತ್ತಿದ್ದಾಳೆ ಎಂದು ತಿಳಿದೆ. ಸುರುಳಿ ಬಿಚ್ಚಿ, "ಏನಂದ್ರ, ನೂರು ಅನ್ನೂದು ಬೆಳಕಿನ ಲೆಕ್ಕ ಅಲ್ಲ..." ಎಂದು ಶುರು ಮಾಡಿದೆ.

"ಬಲ್ಬಿಂದಲ್ಲ," ಎಂದಳು ಅಮ್ಮ. "ಸೂಜಿ ಕೈಯಾಗ ಕೊಟ್ಟು ಏನಂದಿ ಅವತ್ತು? ಇವರು ಹೊರಗಿನವರು, ಇವರು ಅಂದಿದ್ದಕ್ಕ ಸಿಟ್ಟು ಬಂತು, ಹೋತು. ನೀ ಅಂದಿದ್ದು ಇನ್ನೂ ಸುಡಾಕತ್ತೇತಿ. ನೀ ಹೇಳು."

ನನ್ನ ಕೈಯಲ್ಲಿ ಕಾಗದ ಹಾಗೇ ಇತ್ತು. ಸಾವುಕಾರರ ಹತ್ತಿರ ಪುರಾವೆ ಹಿಡಿದು ಬಂದಿದ್ದೆ. ಅಮ್ಮನ ಹತ್ತಿರ ಯಾವ ಪುರಾವೆ ಕೇಳಿ ಅವಳ ಕಣ್ಣನ್ನು ಅನುಮಾನಿಸಿದ್ದೆ? ಇಷ್ಟು ದಿನ ನಾನು ಬಡಿದಾಡಿದ್ದು ಸಾವುಕಾರರನ್ನು ಸೋಲಿಸಲು. ಅವಳು ಕಾಯುತ್ತಿದ್ದದ್ದು ಬೇರೆ ಮಾತಿಗೆ. ನಾಚಿಕೆಯಿಂದ ನೆಲ ನೋಡಿದೆ.

"ನಿನ್ನ ಕಣ್ಣು ಚಲೋ ಅದಾವಮ್ಮಾ," ಎಂದೆ. "ನಾನ ನೋಡಿದ್ದಿಲ್ಲ."

"ಜೋರಲೆ ಹೇಳು. ಹಿಂದ ನಿಂತಾರಿಗೆ ಕೇಳಿಲ್ಲ."

ಮೂವತ್ತು ಹೆಂಗಸರು, ಒಬ್ಬ ಸಾವುಕಾರ, ಎಲ್ಲರ ಮುಂದೆ ತಲೆ ಎತ್ತಿ, ಅವಳ ಕಣ್ಣನ್ನೇ ನೋಡುತ್ತ, ನಾನು ಜೋರಾಗಿ ಹೇಳಿದೆ.